ಕಲ್ಲುಗುಂಡಿಯಲ್ಲಿ ಚೆಲ್ಲಿದ ಸ್ಪಿರಿಟು

ಬೇಸಿಗೆ ರಜೆಯಲ್ಲಿ ನಮ್ಮ ಶಾಲೆಯ ಬೇರೆ ಮಾಷ್ಟ್ರುಗಳು ಹೆಂಡತಿಯ ಮನೆಗೆ ಹೋಗುತ್ತಿದ್ದರು. ನಾನು ಜೇಡ ಹುಡುಕಲು ಸಂಪಾಜೆ ಘಾಟಿ ಹತ್ತುತ್ತಿದ್ದೆ. ಆ ವರ್ಷ ಯಾವ ಪುಸ್ತಕದಲ್ಲೂ ಕಾಣದ ಜೇಡವೊಂದು ಸಿಕ್ಕಿತು, ಬೆನ್ನ ಮೇಲೆ ಹಸಿರು ಗೆರೆಯದ್ದು. ಜೇಡಗಳ ಬಗ್ಗೆ ತಿಳಿದ ಮದರಾಸಿನ ಪ್ರೊಫೆಸರರೊಬ್ಬರಿಗೆ ಕಳಿಸುವವರೆಗೆ ಕೆಡದಿರಲಿ ಎಂದು ಸ್ಪಿರಿಟು ತುಂಬಿದ ಬಾಟ್ಲಿಗೆ ಹಾಕಿಕೊಂಡು ಪುತ್ತೂರಿನ ಬಸ್ಸು ಹತ್ತಿದೆ.

ಅದು ಪಾನನಿರೋಧದ ಕಾಲ. ಘಾಟಿಯ ಮೇಲೆ ಕೊಡಗಿನಲ್ಲಿ ಕುಡಿಯಬಹುದು, ಕೆಳಗೆ ನಮ್ಮ ಜಿಲ್ಲೆಯಲ್ಲಿ ಕೂಡದು. ಘಾಟಿಯ ಬುಡದ ಕಲ್ಲುಗುಂಡಿಯಲ್ಲಿ ಪೊಲೀಸಿನವನೊಬ್ಬ ಬಸ್ಸು ನಿಲ್ಲಿಸಿ, ನನ್ನ ಚೀಲದಿಂದ ಬಾಟ್ಲಿ ತೆಗೆದು ಮೂಸಿದ.

"ಎಂತ ಇದು?"

"ಜೇಡ."

"ಜೇಡ ಕಾಣ್ತದೆ ಮಾರಾಯ್ರೆ. ಅದು ಮುಳುಗಿದ್ದು ಎಂತದರಲ್ಲಿ?"

ಶಾಲೆ, ವಿಜ್ಞಾನ ಎಂದೆಲ್ಲ ಹೇಳಿದೆ. "ಮೊನ್ನೆ ಒಬ್ಬ ಕಷಾಯ ಅಂತ ಹೇಳಿದ. ನಿಮ್ಮದು ವಿಜ್ಞಾನ" ಎಂದವನೇ ಸ್ಪಿರಿಟನ್ನು ಚರಂಡಿಗೆ ಚೆಲ್ಲಿ, ಜೇಡವನ್ನು ಬಾಟ್ಲಿಯಲ್ಲೇ ಬಿಟ್ಟು, ಮರ್ಯಾದೆಯಿಂದ ವಾಪಸು ಕೊಟ್ಟ. "ಹುಳಕ್ಕೆ ಕಾನೂನು ಇಲ್ಲ. ತಕೊಂಡು ಹೋಗಿ."

ಹಿಂದಿನ ಸೀಟಿನ ಅಜ್ಜ ನಿಟ್ಟುಸಿರು ಬಿಟ್ಟರು. "ಅಷ್ಟು ಒಳ್ಳೆ ಮಾಲಿಗೆ ಹುಳ ಹಾಕಿ ಹಾಳು ಮಾಡಿದಿರಲ್ಲ ಮಾಷ್ಟ್ರೆ!" ಬಸ್ಸಿಗೆ ಬಸ್ಸೇ ನಕ್ಕಿತು. ಪೊಲೀಸಿನವನೂ ನಕ್ಕ.

ಪುತ್ತೂರು ಮುಟ್ಟುವಾಗ ಸೆಕೆಗೆ ಜೇಡ ಒಣಗಿ, ಬಸ್ಸಿನ ಕುಲುಕಾಟಕ್ಕೆ ಕಾಲುಗಳೆಲ್ಲ ಕಳಚಿ ಬಿದ್ದಿದ್ದವು. ಪ್ರೊಫೆಸರರಿಗೆ ಕಳಿಸಲು ಉಳಿದದ್ದು ಒಂದು ಚಿಟಿಕೆ ಹುಡಿ.

ಆಮೇಲೆ ಸರ್ಕಾರವೇ ಪಾನನಿರೋಧ ತೆಗೆಯಿತು, ಬಸ್ಸು ತಡೆದ ಜಾಗದಲ್ಲೇ ಸಾರಾಯಿ ಅಂಗಡಿ ಬಂತು. ಈಗ ಅಲ್ಲಿ ಮುಳುಗಿಸಲು ಎಷ್ಟು ಬೇಕಾದರೂ ಉಂಟು. ಜೇಡ ಇಲ್ಲ.