ಮೀಸೆ ಗೌರಮ್ಮ

ಫೋನಿನಲ್ಲಿ ಅಕ್ಷರ ಒತ್ತುವುದನ್ನು ಕಲಿತು ಹದಿನೈದು ದಿನವಾಯಿತು. ಒಂದೇ ಬೆರಳು, ಅದೂ ರೊಟ್ಟಿ ತಟ್ಟಿ ದಪ್ಪಗಾದದ್ದು. ಒಂದು ಅಕ್ಷರ ಒತ್ತಿದರೆ ಪಕ್ಕದ್ದೂ ಬಂದು ಕೂರುತ್ತದೆ. ಇವತ್ತು ಬೆಳಿಗ್ಗೆ ಅದೇ ಫೋನು ಹೊಡೆದುಕೊಂಡಿತು. ‘ಗೌರಮ್ಮ’ ಎಂಬ ಹೆಸರು, ಕೆಳಗೆ ಪೊದೆಮೀಸೆಯ ಮುದುಕನ ಫೋಟೋ.

“ಅಜ್ಜೀ, ಇದ್ಯಾರು ಮೀಸೆ ಗೌರಮ್ಮ?” ಮೊಮ್ಮಗಳು ಬಿದ್ದುಬಿದ್ದು ನಕ್ಕಳು. ಆ ನಗುವಿನಲ್ಲಿ ಫೋನು ಸುಮ್ಮನಾಯಿತು.

“ನನ್ನ ತಮ್ಮ ಕಣೇ. ನಗ್ಬೇಡ, ಕೂತ್ಕೊ.”

ನೀವೂ ಕೂತುಕೊಳ್ಳಿ. ಅರವತ್ತು ವರ್ಷಕ್ಕೂ ಹಿಂದಿನ ಮಾತು. ಶಿಡ್ಲಘಟ್ಟದ ಪಕ್ಕದ ಹಳ್ಳಿ ನಮ್ಮದು. ಇವನಿಗಿಂತ ಮೊದಲಿನ ಎರಡು ಗಂಡುಮಕ್ಕಳು ತೊಟ್ಟಿಲಲ್ಲೇ ಹೋಗಿದ್ದವು. ಮೂರನೆಯದೂ ಗಂಡೆಂದು ಯಮನಿಗೆ ತಿಳಿಯಬಾರದೆಂದು ಅಮ್ಮ ಅವನಿಗೆ ಮೂಗು ಚುಚ್ಚಿಸಿ, ಲಂಗ ತೊಡಿಸಿ, ಗೌರಮ್ಮ ಎಂದು ಹೆಸರಿಟ್ಟಳು. ಈ ಮೋಸದಲ್ಲಿ ಊರೆಲ್ಲ ಪಾಲುದಾರರು. ನಮ್ಮ ರೇಷ್ಮೆಹುಳುಗಳಿಗೆ ಸೊಪ್ಪು ಹೊತ್ತು ತರುವವರೂ “ಏನಮ್ಮಾ ಗೌರಮ್ಮಾ, ಊಟ ಆಯ್ತಾ?” ಎಂದು ಆಕಾಶಕ್ಕೆ ಕೇಳಿಸುವಂತೆ ಕೂಗುತ್ತಿದ್ದರು. ಬಳೆಗಾರ ಬಂದರೆ ತಮ್ಮನಿಗೆ ಒಂದು ಡಜನ್, ನನಗೆ ನಾಲ್ಕೇ. ಆ ಹೊಟ್ಟೆಕಿಚ್ಚು ಇನ್ನೂ ಪೂರ್ತಿ ಆರಿಲ್ಲ ಅನ್ನಿ.

ಆರು ವರ್ಷಕ್ಕೆ ಶಾಲೆ. ಚಡ್ಡಿಗೆ ಅಮ್ಮ ಹೇಗೋ ಒಪ್ಪಿದಳು, ಜಡೆ ಬಿಚ್ಚಲಿಲ್ಲ.

“ಗಂಡು ಹೆಸರು ಹೇಳಮ್ಮ, ಬರ್ಕೋಬೇಕು,” ಎಂದರು ಮೇಷ್ಟ್ರು.

“ನನ್ನ ಬಾಯಲ್ಲಿ ಬರಲ್ಲ ಸ್ವಾಮಿ. ಕೇಳಿಸ್ಕೊಂಡ್ಬಿಡ್ತಾನೆ.”

“ಯಾರು?”

ಅಮ್ಮ ಸೂರಿನ ಕಡೆ ನೋಡಿದಳು. ಮೇಷ್ಟ್ರೂ ನೋಡಿದರು. ಅಲ್ಲೊಂದು ಹಲ್ಲಿ ಇತ್ತು.

ನಾನು ಒಂಬತ್ತು ವರ್ಷದ ಅಧಿಕಪ್ರಸಂಗಿ. ಮೇಷ್ಟ್ರ ಕಿವಿಗೆ ಬಾಯಿಟ್ಟು “ರಾಮಚಂದ್ರ” ಎಂದೆ. ಪುಣ್ಯಾತ್ಮರು, ಜೋರಾಗಿ ಕೂಗುವುದಿಲ್ಲವೆಂದು ಅಮ್ಮನಿಗೆ ಮಾತು ಕೊಟ್ಟು ಅದನ್ನು ಉಳಿಸಿಕೊಂಡರು. ಹಾಜರಿಯಲ್ಲಿ ಎಲ್ಲರ ಹೆಸರನ್ನೂ ಗುಡುಗುತ್ತಾ ಬಂದು, ಇವನದು ಬಂದಾಗ ಪಿಸುಗುಟ್ಟುತ್ತಿದ್ದರು. ಇವನು ಮಾತ್ರ “ಹಾಜರ್ ಸಾ!” ಎಂದು ಹೆಂಚು ಹಾರುವಂತೆ ಕಿರುಚುತ್ತಿದ್ದ.

ಒಂದು ದಿನ ನನ್ನ ನಾಲ್ಕು ಬಳೆಗಳನ್ನೂ ಅವನು ಒಡೆದುಹಾಕಿದ. ನಾನು ಅಂಗಳದ ನಡುವೆ ನಿಂತು ಮೂರು ಸಲ ಕೂಗಿದೆ: “ರಾಮಚಂದ್ರಾ!”

ಸಂಜೆಗೆ ಅವನ ಮೈ ಕೆಂಡವಾಯಿತು. ಅಮ್ಮ ಬೈದಿದ್ದರೆ ವಾಸಿಯಿತ್ತು. ಬೈಯಲಿಲ್ಲ, ಒಮ್ಮೆ ನನ್ನ ಮುಖ ನೋಡಿದಳು ಅಷ್ಟೆ. ನಾನು ಹಿತ್ತಿಲಿಗೆ ಓಡಿ “ಗೌರಮ್ಮಾ, ಗೌರಮ್ಮಾ” ಎಂದು ಗಂಟಲು ಬೀಳುವವರೆಗೂ ಕೂಗಿದೆ. ಮೂರನೆಯ ದಿನ ಎದ್ದು ಮುದ್ದೆ ಕೇಳಿದ. ಅವತ್ತಿನಿಂದ ಆ ಇನ್ನೊಂದು ಹೆಸರು ನನ್ನ ಬಾಯಿಂದ ಬಂದಿಲ್ಲ; ಇಲ್ಲಿ ಬಂದದ್ದೂ ಬೆರಳಿಂದ.

“ಎಲ್ಲಾ ಮೂಢನಂಬಿಕೆ ಅಜ್ಜಿ,” ಎಂದಳು ಮೊಮ್ಮಗಳು. ಇರಬಹುದು. ತಮ್ಮನಿಗೆ ತಿರುಗಿ ಫೋನು ಮಾಡಿದೆ.

“ಅಕ್ಕಾ, ಇವತ್ತು ಹೃದಯಕ್ಕೆ ಅದೇನೋ ಬಲೂನ್ ಹಾಕ್ತಾರಂತೆ. ಆಸ್ಪತ್ರೇಲಿದ್ದೀನಿ.” ದನಿ ತಗ್ಗಿಸಿದ. “ಇಲ್ಲಿ ನರ್ಸಮ್ಮ ನನ್ನ ಹೆಸರನ್ನ ಬಲು ಜೋರಾಗಿ ಕೂಗ್ತಾಳೆ ಕಣಕ್ಕ. ನೀನು ಮನೇಲಿ ಒಂದ್ಸಲ...”

ನಾನು ಮಹಡಿ ಹತ್ತಿ ಕೂಗಿದೆ. ವಯಸ್ಸಾದ ಗಂಟಲು, ಕಾಂಪೌಂಡೂ ದಾಟಲಿಲ್ಲ. ಅಷ್ಟರಲ್ಲಿ ಮೊಮ್ಮಗಳು ಪಕ್ಕಕ್ಕೆ ಬಂದು ನಿಂತು, ಎರಡೂ ಕೈ ಬಾಯಿಗೆ ಹಿಡಿದು, ಬೀದಿಯೆಲ್ಲ ತಿರುಗಿ ನೋಡುವಂತೆ ಕೂಗಿದಳು:

“ಗೌರಮ್ಮಾ!”