ಫಿನಾಯಿಲ್ ಬೀಳದ ಮೂಲೆ

ಓಣಿಯವರೆಲ್ಲ ಅವನನ್ನು ತೂಕದಣ್ಣ ಎಂದೇ ಕರೆಯುತ್ತಿದ್ದರು. ದೊಡ್ಡ ದಿನಸಿ ಅಂಗಡಿಯೊಂದರ ತರಕಾರಿ ವಿಭಾಗದಲ್ಲಿ ಇಪ್ಪತ್ತೆಂಟು ವರ್ಷ ತೂಕ ಹಾಕಿ ನಿವೃತ್ತನಾದ ಮನುಷ್ಯ. ಟೊಮೆಟೊ ಕೈಗೆತ್ತಿಕೊಂಡರೆ ಸಾಕು, ಇನ್ನೆಷ್ಟು ದಿನ ತಡೆಯುತ್ತದೆಂದು ಹೇಳಿಬಿಡುತ್ತಿದ್ದ. ಮನೆಯಲ್ಲಿ ಕೂತ ಮೇಲೆ ಆ ವಿದ್ಯೆ ಹೆಂಡತಿಯ ತಲೆ ತಿನ್ನುವುದಕ್ಕಷ್ಟೇ ಉಪಯೋಗಕ್ಕೆ ಬಂತು.

"ನನ್ನ ಅಡುಗೆಗೆ ಹೆಸರಿಡೋ ಬದಲು ಆ ಗ್ಯಾರೇಜಿಗಾದ್ರೂ ಹೋಗಿ. ಅಲ್ಲಿ ತರಕಾರಿ ಆರಿಸೋಕೆ ಜನ ಬೇಕಂತೆ," ಎಂದು ಅವಳು ಒಂದು ಬೆಳಿಗ್ಗೆ ಚಾಕು ಕೈಗಿಟ್ಟು ಹೊರಗೆ ಅಟ್ಟಿದಳು.

ಗ್ಯಾರೇಜು ಅಂದರೆ ಖಾಲಿ ಬಿದ್ದಿದ್ದ ಕಾರು ಶೆಡ್ಡಿನಲ್ಲಿ ಓಣಿಯ ಹೆಂಗಸರು ನಡೆಸುವ ಅಡುಗೆಮನೆ. ಬಟ್ಟೆ ಹೊಲಿಯುವ ಅಕ್ಕ ಅದನ್ನು ಶುರುಮಾಡಿದ್ದಳು. ಅಂಗಡಿಗಳಲ್ಲಿ ಮಾರಾಟವಾಗದೆ ಉಳಿದ, ಆದರೆ ಕೆಡದ ತರಕಾರಿಯನ್ನು ಕೇಳಿ ತರುವುದು, ಆರಿಸಿ ಬೇಯಿಸುವುದು, ಮಧ್ಯಾಹ್ನ ಯಾರು ಬಂದರೂ ಬಡಿಸುವುದು. ಮೊದಲು ಹತ್ತು ತಟ್ಟೆಯಿತ್ತು, ಈಗ ನೂರು ದಾಟಿದೆ. ಪಕ್ಕದ ಎರಡು ಓಣಿಯವರೂ ನೋಡಿಕೊಂಡು ಹೋಗಿ ತಮ್ಮಲ್ಲೂ ಒಲೆ ಹಚ್ಚಿದರು. ಅವನ ಹಳೆಯ ಅಂಗಡಿಯೇ ಈಗ ದಿನಾ ನಾಲ್ಕು ಕ್ರೇಟು ಕೊಡುತ್ತದೆ.

ಆ ಕ್ರೇಟುಗಳನ್ನು ಕಂಡು ಅವನು ಬಾಗಿಲಲ್ಲೇ ನಿಂತ. ಅವನ ಕಾಲದಲ್ಲಿ ಇದೇ ತರಕಾರಿ ಹಿಂದಿನ ಗೇಟಿನ ತೊಟ್ಟಿಗೆ ಬೀಳುತ್ತಿತ್ತು. ಆರಿಸಲು ಜನ ಮುತ್ತಿಕೊಳ್ಳದಿರಲಿ ಎಂದು ಮ್ಯಾನೇಜರು ಅದರ ಮೇಲೆ ಫಿನಾಯಿಲ್ ಸುರಿಸುತ್ತಿದ್ದರು. ಸುರಿಯುವ ಕೈ ಇವನದು. ಒಂದು ದಿನವೂ ತಪ್ಪಿಸಿದವನಲ್ಲ, ಕೆಲಸದಲ್ಲಿ ಅಷ್ಟು ಅಚ್ಚುಕಟ್ಟು! ಆಮೇಲೆ ಎರಡು ಸಲ ಸೋಪು ಹಾಕಿ ಕೈ ತೊಳೆದು ಮನೆಗೆ ಹೋಗುತ್ತಿದ್ದ. ಈ ವಿಷಯ ಹೆಂಡತಿಗೂ ಗೊತ್ತಿಲ್ಲ.

ಮೂರನೇ ದಿನ, ಎದುರಿಗೆ ಕೂತು ಬೀನ್ಸಿನ ನಾರು ತೆಗೆಯುತ್ತಿದ್ದ ಅಜ್ಜಿ ಅವನನ್ನೇ ದಿಟ್ಟಿಸಿ ನೋಡಿದಳು.

"ನೀವು ಆ ಅಂಗಡಿಯವರಲ್ವಾ? ತೊಟ್ಟಿಗೆ ಫಿನಾಯಿಲ್ ಹಾಕ್ತಿದ್ದೋರು?"

ಒಲೆಯ ಮುಂದಿದ್ದವರೆಲ್ಲ ಇತ್ತ ತಿರುಗಿದರು. ಭೂಮಿ ಬಾಯಿಬಿಡಬಾರದೇ ಅನ್ನಿಸಿತು ಅವನಿಗೆ.

"ಇವರು ದೇವರಂಥೋರು ಕಣ್ರೇ," ಎಂದಳು ಅಜ್ಜಿ, ಎಲ್ಲರಿಗೂ ಕೇಳುವಂತೆ. "ಗೇಟಿನಾಚೆ ನಿಂತು ನೋಡ್ತಿದ್ದೆ. ತೊಟ್ಟೀಲಿ ಗೋಡೆ ಪಕ್ಕದ ಮೂಲೆಗೆ ಒಂದು ಹನೀನೂ ಬೀಳಿಸ್ತಿರಲಿಲ್ಲ. ನಮಗೋಸ್ಕರ ಬಿಡ್ತಿದ್ರು. ನನ್ನ ಮೊಮ್ಮಕ್ಕಳು ಎರಡು ವರ್ಷ ಆ ಮೂಲೇದೇ ತಿಂದು ಬೆಳೆದ್ವು. ಉಣ್ಣೋ ಮುಂಚೆ ದಿನಾ ಹೇಳಿಸ್ತಿದ್ದೆ, ಅಂಗಡಿ ಮಾಮ ಚೆನ್ನಾಗಿರ್ಲಿ ಅಂತ."

ಬಟ್ಟೆ ಹೊಲಿಯುವ ಅಕ್ಕ ಕೈ ಮುಗಿದೇಬಿಟ್ಟಳು. ಅವನು ಸುಮ್ಮನಿದ್ದಿದ್ದರೆ ಮುಗಿದುಹೋಗುತ್ತಿತ್ತು. ಪುಕ್ಕಟೆ ದೊಡ್ಡಸ್ತಿಕೆಯನ್ನು ಬೇಡ ಎನ್ನುವವರು ಯಾರು? ಬೈದಿದ್ದರೆ ತಲೆ ತಗ್ಗಿಸಿ ಕೇಳಿಸಿಕೊಳ್ಳುತ್ತಿದ್ದ, ಆದರೆ ಈ ಹೊಗಳಿಕೆ ಮಾತ್ರ ಗಂಟಲಲ್ಲಿ ಇಳಿಯಲಿಲ್ಲ. ಎಲ್ಲರೂ ಕೆಲಸಕ್ಕೆ ಮರಳಿದ ಮೇಲೆ ಅಜ್ಜಿಯ ಹತ್ತಿರ ಸರಿದು ಕೂತ.

"ಅದು ನಾನು ಬಿಟ್ಟಿದ್ದಲ್ಲ ಅಜ್ಜಿ. ಫಿನಾಯಿಲ್ ವಾಸನೆಗೆ ನನಗೆ ಸೀನು ಬರುತ್ತೆ. ಮುಖ ಆ ಕಡೆ ತಿರುಗಿಸಿಕೊಂಡು ಸುರೀತಿದ್ದೆ. ಮೂಲೆ ಕಣ್ಣಿಗೇ ಬಿದ್ದಿರಲಿಲ್ಲ. ಬಿದ್ದಿದ್ರೆ ಅಲ್ಲಿಗೂ ಸುರೀತಿದ್ದೆ."

ಅಜ್ಜಿ ಕೈಯಲ್ಲಿದ್ದ ಬೀನ್ಸಿನ ನಾರು ಎಳೆದು ಪಕ್ಕಕ್ಕೆ ಹಾಕಿದಳು. ಬೈಯಲಿಲ್ಲ.

"ಮೊಮ್ಮಕ್ಕಳು ಈಗ ಊಟಕ್ಕೆ ಬರ್ತವೆ," ಎಂದಳು, ಅವನ ಮುಖ ನೋಡದೆ. "ಅವರ ಮುಂದೆ ಮಾತ್ರ ಇದನ್ನ ಹೇಳ್ಬೇಡಿ."