ಬೆರಳುಗಳಿಗೆ ಜಾಗವಿರುವ ಬೂಟು

ಹೊಸ ಬೂಟಿನ ಡಬ್ಬ ತೆರೆದಾಗ ರಬ್ಬರು, ಅಂಟು, ತೆಳುಕಾಗದ ಎಲ್ಲ ಬೆರೆತು ಬರುವ ವಾಸನೆ ನಿಮಗೂ ಗೊತ್ತಿರುತ್ತದೆ. ಮೊನ್ನೆ ರಾಮನಗರದ ಅಂಗಡಿಯೊಂದರ ಸ್ಟೂಲಿನ ಮೇಲೆ ಆ ವಾಸನೆಯ ನಡುವೆ ಕುಳಿತಿದ್ದೆ. ನಲವತ್ತು ದಾಟಿತು, ಒಂದಿಷ್ಟು ನಡೆಯಿರಿ ಎಂದು ಡಾಕ್ಟರು ಹೇಳಿದರೆ, ನಾನು ಉತ್ಸಾಹ ಹೆಚ್ಚಾಗಿ ಬೆಟ್ಟದ ಕಾಲುದಾರಿಯಲ್ಲಿ ಓಡುವವರ ಗುಂಪಿಗೇ ಸೇರಿಬಿಟ್ಟಿದ್ದೇನೆ. ಓಡುತ್ತೇನೆ ಎನ್ನುವುದಕ್ಕಿಂತ ಓಡುವವರ ಬೆನ್ನು ನೋಡುತ್ತ ಹೋಗುತ್ತೇನೆ ಎಂದರೆ ಹೆಚ್ಚು ಸರಿ. ಅದಕ್ಕೂ ತಕ್ಕ ಬೂಟು ಬೇಕಲ್ಲ. ಹಾಕಿ ನೋಡಿದ್ದೆಲ್ಲ ಕಿರುಬೆರಳನ್ನು ಹಿಂಡುತ್ತಿತ್ತು.

"ಒಂದ್ ಸೈಜ್ ದೊಡ್ದು ಕೊಡ್ಲಾ ಮೇಡಂ?" ಎಂದಳು ಅಂಗಡಿಯ ಹುಡುಗಿ.

"ಬೇಡಮ್ಮ. ನನ್ನ ಪಾದ ಉದ್ದ ಇಲ್ಲ, ಅಗಲ ಇದೆ," ಎಂದೆ. ಎಂದವಳೇ ನಕ್ಕುಬಿಟ್ಟೆ. ಮಾತು ನನ್ನದಾಗಿರಲಿಲ್ಲ, ಜಯಮ್ಮ ಚಿಕ್ಕವ್ವನದಾಗಿತ್ತು.

ನನ್ನ ಅಮ್ಮನ ತವರಿನ ಕಡೆ ಹೆಣ್ಣುಮಕ್ಕಳಿಗೆಲ್ಲ ಒಂದೇ ಬಗೆಯ ಪಾದ. ಹಿಮ್ಮಡಿ ಕಿರಿದು, ಮುಂದೆ ಬರಬರುತ್ತ ಮೊರದಂತೆ ಅಗಲ. ಅಮ್ಮನ ತಂಗಿ ಜಯಮ್ಮ ಚಿಕ್ಕವ್ವನದಂತೂ ಇನ್ನೂ ಒಂದು ಕೈ ಮೇಲು. ಅವಳನ್ನು ಗುಡೇಮಾರನಹಳ್ಳಿಗೆ ಕೊಟ್ಟಿದ್ದರು. ರಾಗಿ, ಹಿಪ್ಪುನೇರಳೆ, ಎರಡು ಹಸು ಇದ್ದ ಮನೆ. ಬರಿಗಾಲಲ್ಲೋ ಹವಾಯಿ ಚಪ್ಪಲಿಯಲ್ಲೋ ನಲವತ್ತರ ಹತ್ತಿರ ಬಂದವಳಿಗೆ ತನ್ನ ಪಾದ ಅಗಲ ಎನ್ನುವುದೇ ಗೊತ್ತಿರಲಿಲ್ಲ. ಗೊತ್ತಾಗುವುದಕ್ಕೆ ಕಾರ್ಖಾನೆ ಬರಬೇಕಾಯಿತು.

ಎರಡು ಸಾವಿರದ ಈಚಿನ ಆ ವರ್ಷಗಳು ನಿಮಗೆ ನೆನಪಿರಬಹುದು. ನೋಡನೋಡುತ್ತಿದ್ದಂತೆ ಹೊಲಗಳ ನಡುವೆ ನೀಲಿ ತಗಡಿನ ಶೆಡ್ಡುಗಳು ಎದ್ದವು, ಹಳ್ಳಿಹಳ್ಳಿಗೆ ಕಂಪನಿಯ ವ್ಯಾನು ಬರತೊಡಗಿತು. ವಾಹನದ ಬಿಡಿಭಾಗ ಮಾಡುವ ಒಂದು ಕಾರ್ಖಾನೆಯ ಪ್ಯಾಕಿಂಗ್ ವಿಭಾಗಕ್ಕೆ ಚಿಕ್ಕವ್ವ ಸೇರಿದಳು. ಕೆಲಸ ಅವಳಿಗೆ ಬಹಳ ಹಿಡಿಸಿತ್ತು. ಆದರೆ ಅಲ್ಲಿ ಬೂಟು ಕಡ್ಡಾಯ. ಅವರು ಕೊಟ್ಟ ಹೆಂಗಸರ ಬೂಟಿನಲ್ಲಿ ಅವಳ ಬೆರಳುಗಳು ಒಂದರ ಮೇಲೊಂದು ಹತ್ತಿ ಕೂರುತ್ತಿದ್ದವು. ಭಾನುವಾರ ರಾಮನಗರದ ನಮ್ಮ ಮನೆಗೆ ಬಂದರೆ ಮೊದಲು ಬಕೆಟ್ಟಿನ ಬಿಸಿನೀರಲ್ಲಿ ಕಾಲಿಳಿಸಿ, ಬೊಕ್ಕೆ ಒಡೆದ ಉರಿಗೆ ಹಲ್ಲು ಕಚ್ಚುತ್ತಿದ್ದಳು. ಒಂದು ನಂಬರು ದೊಡ್ಡದು ಕೇಳಿ ಪಡೆದಳು. ಅದು ಉದ್ದವಾಯಿತೇ ಹೊರತು ಅಗಲವಾಗಲಿಲ್ಲ. ಹಿಮ್ಮಡಿ ಜಾರಿ ಹೊಸ ಜಾಗದಲ್ಲಿ ಬೊಕ್ಕೆ ಎದ್ದಿತು.

"ಕುಂಟ್ಕಂಡು ಕೆಲ್ಸ ಮಾಡಂಗಿದ್ರೆ ಮನೇಲಿರಮ್ಮ ಅಂದ್ರು ಸೂಪರ್‌ವೈಸರು," ಎಂದಳು ಒಂದು ದಿನ. ಧ್ವನಿ ಸಣ್ಣದಾಗಿತ್ತು. "ಬುಟ್ಬುಡನಾ ಅಂತ ಐತೆ ಕಣ್ ಮಗ. ಆದ್ರೆ ಮನಸ್ಸೇ ಬರಾಕಿಲ್ಲ."

ಆಗ ಕಾಲೇಜಿನಲ್ಲಿದ್ದ ನಾನು, ಲೋಕದ ಸಮಸ್ಯೆಗಳಿಗೆಲ್ಲ ನನ್ನಲ್ಲಿ ಪರಿಹಾರವಿದೆ ಎಂದು ನಂಬಿದ್ದವಳು, "ಎದ್ದೇಳು ಚಿಕ್ಕವ್ವ, ಬೂಟು ಹುಡುಕೋಣ" ಎಂದು ಹೊರಡಿಸಿದೆ. ರಾಮನಗರದ ಅಂಗಡಿಗಳೆಲ್ಲ ಮುಗಿದವು. ನಾನು ಆರಿಸಿದ್ದೆಲ್ಲ ನೋಡಲು ಚೆಂದ, ಹಾಕಿದರೆ ಇಕ್ಕಳ. ಇನ್ನೊಂದು ಭಾನುವಾರ ಚನ್ನಪಟ್ಟಣಕ್ಕೆ ಹೋದೆವು. ಸಂಜೆಯವರೆಗೂ ತಿರುಗಿ ಇಬ್ಬರ ಕಾಲೂ ಊದಿಕೊಂಡಿದ್ದಾಗ, ಹೆದ್ದಾರಿ ಪಕ್ಕ ಒಬ್ಬ ಮುದುಕರು ಟಾರ್ಪಾಲಿನ ಮೇಲೆ ಬೂಟು ಗುಡ್ಡೆ ಹಾಕಿಕೊಂಡು ಕೂತಿರುವುದು ಕಂಡಿತು. ಗುಡ್ಡೆಯೊಳಗಿಂದ ಚಿಕ್ಕವ್ವ ಒಂದು ಜೊತೆ ಎಳೆದಳು. ಕಿತ್ತಳೆ ಬಣ್ಣ. ಅಡಿಯಲ್ಲಿ ಟ್ರ್ಯಾಕ್ಟರ್ ಟೈರಿನಂಥ ಹಲ್ಲು.

"ಅದು ಗಂಡಸ್ರುದು ಕಣಮ್ಮ, ಬೆಟ್ಟದಲ್ಲಿ ಓಡೋರು ಹಾಕೋದು," ಎಂದರು ಮುದುಕರು. "ಫಾರಿನ್ನಿಗೆ ಹೋಗ್ಬೇಕಿತ್ತು. ಹೊಲಿಗೆ ಒಸಿ ಸೊಟ್ಟ ಅಂತ ಇಲ್ಲೇ ಉಳ್ಕಂತು."

"ಸೊಟ್ಟ ಇದ್ರೆ ಇರ್ಲಿ ಬುಡಿ. ನನ್ ಕಾಲೇನು ನೆಟ್ಟಗೈತಾ?" ಎಂದ ಚಿಕ್ಕವ್ವ ಒಳಗಿನ ಮೆತ್ತೆಯನ್ನು ಹೊರಗೆಳೆದು ನೆಲದ ಮೇಲಿಟ್ಟು ಅದರ ಮೇಲೆ ನಿಂತಳು. ಪಾದ ಎಲ್ಲೂ ಅಂಚು ದಾಟಲಿಲ್ಲ. ನಾನು ಬಾಗಿ ಸುತ್ತಲೂ ಬೆರಳಾಡಿಸಿ ನೋಡಿದೆ. ಮುದುಕರು ತಾವೂ ಹುರುಪಾಗಿ, ಅಡಿಯನ್ನು ಬಗ್ಗಿಸಿ, ಅಂಚನ್ನು ಎಳೆದು ನೋಡಿ, "ಅಂಟು ಗಟ್ಟಿ ಐತೆ, ನಡೀರಿ, ಆ ಇಳಿಜಾರಲ್ಲಿ ಇಳಿದು ನೋಡಿ" ಎಂದರು. ಚಿಕ್ಕವ್ವ ಸೀರೆಯ ನೆರಿಗೆ ಎತ್ತಿ ಹಿಡಿದು ಹೆದ್ದಾರಿಯ ಏರಿಯಿಂದ ಕೆಳಗಿಳಿದಳು. ಕೆಳಗೆ ಹೋಗಿ ನಿಂತವಳು ತಿರುಗಲೇ ಇಲ್ಲ. ಬಿದ್ದಳೇನೋ, ನೋವೇನೋ ಎಂದು ನಾನು ಓಡಿದೆ. ಅವಳು ಕಣ್ಣು ಮುಚ್ಚಿಕೊಂಡಿದ್ದಳು.

"ಬೆರಳು ಬಿಚ್ಕಂಡ್ವು ಕಣ್ ಮಗ," ಎಂದಳು.

ಕಿತ್ತಳೆ ಬಣ್ಣಕ್ಕೆ ಕಂಪನಿಯಲ್ಲಿ ತಕರಾರು ಬಂತು. ಚಿಕ್ಕವ್ವ ಕಪ್ಪು ಪಾಲಿಶ್ ಮೆತ್ತಿ ಮೆತ್ತಿ ಅದನ್ನು ಎಮ್ಮೆಯ ಬಣ್ಣಕ್ಕೆ ತಂದಳು. ಕುಂಟು ನಿಂತಿತು, ಕೆಲಸ ಉಳಿಯಿತು. ನಾನು ನಿಮಗೆ ಹೇಳಬೇಕೆಂದು ಕೂತದ್ದು ಮಾತ್ರ ಅದರ ಮುಂದಿನದು.

ಮಹಿಳಾ ದಿನಕ್ಕೆಂದು ಕಂಪನಿಯವರು ರಾಮನಗರದ ಹತ್ತಿರದ ಒಂದು ಕಲ್ಲುಬೆಟ್ಟದಲ್ಲಿ ಕೆಲಸದ ಹೆಂಗಸರಿಗೆ ಓಟ ಇಟ್ಟರು. ಅರ್ಧ ಬೆಟ್ಟದಲ್ಲಿ ನೆಟ್ಟ ಬಾವುಟ ಮುಟ್ಟಿ ವಾಪಸ್ ಬರಬೇಕು. ಚಿಕ್ಕವ್ವ ಹೆಸರು ಕೊಟ್ಟಳು. ಚಿಕ್ಕಪ್ಪ ನೀರಿನ ಬಾಟಲಿ ಹಿಡಿದು, ಮುಖ ಒಂದು ಥರ ಮಾಡಿಕೊಂಡು ಬಂದಿದ್ದರು.

ಶೀಟಿ ಊದಿದರು. ಚೂಡಿದಾರದ ಹುಡುಗಿಯರು ಮುಂದೆ ಹಾರಿದರು. ಸೆರಗು ಸೊಂಟಕ್ಕೆ ಸಿಕ್ಕಿಸಿದ ಚಿಕ್ಕವ್ವ ಹಿಂದೆ. ಬಸ್ಸು ತಪ್ಪುತ್ತದೆಂದು, ಹಸು ಕಿತ್ತುಕೊಂಡಿತೆಂದು ಓಡುವ ಹೆಂಗಸರನ್ನು ನಾನು ಕಂಡಿದ್ದೆ. ಸುಮ್ಮನೆ, ಓಡುವುದಕ್ಕಾಗಿಯೇ ಓಡುವ ಆ ವಯಸ್ಸಿನ ಹೆಂಗಸನ್ನು ನೋಡಿದ್ದು ಅದೇ ಮೊದಲು. ಗರಸು ಜಾರುವ ಕಡೆ ಹುಡುಗಿಯರು ಕೈಯೂರಿ ಕೂತರು. ಚಿಕ್ಕವ್ವ ಜಾರಲಿಲ್ಲ. "ಬೀಳ್ತೀಯ ಕಣೇ, ನಿದಾನ!" ಎಂದು ಕೂಗುತ್ತಿದ್ದ ಚಿಕ್ಕಪ್ಪ ಇದ್ದಕ್ಕಿದ್ದಂತೆ ಹಣೆಗೆ ಕೈ ಅಡ್ಡ ಹಿಡಿದು ಮೇಲೆ ನೋಡಿದರು. ಅವಳು ಎಲ್ಲರಿಗಿಂತ ಮೊದಲು ಬಾವುಟ ಮುಟ್ಟಿದ್ದಳು. ಮುಟ್ಟಿ ತಿರುಗಲಿಲ್ಲ. ಹಾಸುಬಂಡೆಯ ಮೇಲೆ, ಇನ್ನೂ ಮೇಲಕ್ಕೆ ಹೊರಟಳು.

"ಜಯಮ್ಮಾ, ವಾಪಸ್ ಬನ್ನಿ!" ಎಂದು ಕಂಪನಿಯವರು ಕೂಗಿದರು. ಆ ದೊಡ್ಡ ಬಂಡೆಯ ಮೇಲೆ ಅವಳ ಹಸಿರು ಸೀರೆ ಚಿಕ್ಕದಾಗುತ್ತಾ ಹೋಯಿತು. ಕೊನೆಗೆ ನಾನೇ ಏದುಸಿರು ಬಿಡುತ್ತ ಹತ್ತಿದೆ.

ತುದಿಯಲ್ಲಿ ಅವಳು ಗಾಳಿಗೆ ಮುಖವೊಡ್ಡಿ ನಿಂತಿದ್ದಳು. ಕೆಳಗೆ ರೈಲುಹಳಿ, ಹೆದ್ದಾರಿ, ನೀಲಿ ಶೆಡ್ಡುಗಳು, ಅವುಗಳಾಚೆ ಮಾಗಡಿಯ ಕಡೆ ಬೆಟ್ಟದ ಹಿಂದೆ ಬೆಟ್ಟ.

"ಯಾಕೆ ಚಿಕ್ಕವ್ವ, ಗೆಲ್ತಿದ್ದೆಯಲ್ಲ?"

"ಚಿಕ್ಕೋಳಿದ್ದಾಗಿಂದ ಕೆಳಗಿಂದ್ಲೇ ನೋಡಿದ್ದೆ ಕಣವ್ವ. ಕಾಲು ನೋಯ್ತಿರ್ಲಿಲ್ಲ. ಮೇಲೇನೈತೆ ಅಂತ ನೋಡನ ಅನ್ಸ್ತು."

ನಾನು ಹುಟ್ಟಿದಾಗಿನಿಂದ ಕಂಡವಳ ಎದುರು ಹೊಸಬರೆದುರು ನಿಂತಂತೆ ನಿಂತಿದ್ದೆ.

ಕೆಳಗಿಳಿದಾಗ ಬಹುಮಾನ ಬೇರೆಯವರ ಕೈಯಲ್ಲಿತ್ತು. ಚಿಕ್ಕಪ್ಪ ಬಾಟಲಿಯ ಮುಚ್ಚಳ ತೆಗೆದು ಕೊಟ್ಟರು. ಅವಳು ಬೂಟು ಬಿಚ್ಚಿ ಕಾಲು ಚಾಚಿದಾಗ ಅದರೊಳಗೆ ಮೆಲ್ಲಗೆ ತಮ್ಮ ಪಾದ ತೂರಿಸಿ ನೋಡಿದರು.

"ತೆಗೀರಿ, ನಂದು," ಎಂದಳು ಚಿಕ್ಕವ್ವ.

ಇಷ್ಟನ್ನು ಅಂಗಡಿಯ ಹುಡುಗಿಗೆ ಹೇಳಿದೆನೋ, ನನ್ನಷ್ಟಕ್ಕೇ ನೆನೆದೆನೋ ತಿಳಿಯದು. ಆದರೆ ಅವಳು ಗಂಡಸರ ಕಪಾಟಿನಿಂದ ಮುಂಭಾಗ ಅಗಲವಿದ್ದ ಒಂದು ಜೊತೆ ತಂದಿಟ್ಟಳು. ಹಾಕಿ ನಾಲ್ಕು ಹೆಜ್ಜೆ ನಡೆದೆ. ಬೆರಳುಗಳು ಒಂದರಿಂದೊಂದು ದೂರ ಸರಿದು ನೆಲ ಹಿಡಿದವು. ತಡೆಯಲಾಗದೆ ಅಲ್ಲಿಂದಲೇ ಚಿಕ್ಕವ್ವನಿಗೆ ಫೋನು ಮಾಡಿದೆ. ಈಗ ಅವಳಿಗೆ ಅರವತ್ತು ದಾಟಿದೆ, ಮಂಡಿ ಒಂದು ಮಾತು ಕೇಳುವುದಿಲ್ಲ. ಬೆಟ್ಟ, ಓಟ, ಬೂಟು ಎಲ್ಲ ವಿವರಿಸಿದೆ. ಆ ಕಡೆ ಹಸುವಿಗೆ ಹುಲ್ಲು ಹಾಕುತ್ತಿದ್ದ ಸದ್ದು ನಿಂತಿತು.

"ಯಾವತ್ತು ಹೋಗದು?"

"ಭಾನುವಾರ ಬೆಳಿಗ್ಗೆ ಚಿಕ್ಕವ್ವ."

"ಹಂಗಾರೆ ನಂಗೂ ಒಂದ್ ಜೊತೆ ತಕ್ಕ. ಓಡಕ್ಕಾಗಾಕಿಲ್ಲ, ನಡ್ಕಂಡ್ ಬತ್ತೀನಿ. ನೀ ಮಾತ್ರ ನಂಗೋಸ್ಕರ ನಿಂತ್ಕಬ್ಯಾಡ."